ಇಪ್ಪತ್ತೆರಡನೇ ಕೋಣೆ

ಹನ್ನೆರಡನೇ ಸಲವೂ ಹಮಾಲ ಬಿದ್ದು ಸತ್ತ.

ಟೀವಿ ಪರದೆಯ ಮೇಲೆ ಉಗುರಿನಷ್ಟು ಎತ್ತರದ ಆ ರುಮಾಲಿನ ಆಳು ಹಲಗೆಯ ಅಂಚಿನಲ್ಲಿ ಕಾಲು ತಪ್ಪಿದ. ತಲೆಯ ಮೇಲಿನ ಚೀಲ ಒಡೆದು ಹಳದಿ ಚುಕ್ಕೆಗಳಾಗಿ ಚೆಲ್ಲಿತು. ಯಂತ್ರ ಎರಡು ಸಲ ಗೊಗ್ಗರು ದನಿ ತೆಗೆದು ಸುಮ್ಮನಾಯಿತು. ಮತ್ತೆ ಅದೇ ಐದನೇ ಕೋಣೆ, ಅದೇ ಮುರುಕು ಏಣಿ, ಅದೇ ಮೂರು ಚೀಲ.

"ಐದನೇದರಾಗ ಎಲ್ಲಾರೂ ಹಂಗ ಬೀಳ್ತಾರ್ರಿ," ಎಂದಳು ಅಶ್ವಿನಿ. "ಮೊದಲನೇ ಚೀಲಾ ಏಣಿ ಬುಡಕ್ಕ ಇಳಸಬಾರದು. ಒಮ್ಮೆ ಇಳಿಸಿದ್ರ ಮತ್ತ ಎತ್ತಾಕ ಬರಂಗಿಲ್ಲ."

ಹೆಡ್ ಕಾನ್‌ಸ್ಟೆಬಲ್ ಹುಲಿಗೆಮ್ಮ ರಬ್ಬರಿನ ಗುಂಡಿಗಳ ಮೇಲಿಂದ ಕೈ ತೆಗೆದು ಬೆರಳು ನೆಟಿಗೆ ಮುರಿದಳು. ಮುಂಜಾನೆ ಒಂಬತ್ತರಿಂದ ಅವಳು ಅಶ್ವಿನಿಯ ಮನೆಯ ಈ ಟೀವಿಯ ಮುಂದೆ ಕುಳಿತಿದ್ದಳು.

ಅಶ್ವಿನಿಯ ಗಂಡ ಮಾಂತೇಶ ವಾಸ್ಕೋ ಬಂದರಿನ ಮೇಲಿರುವ ಸಡಾದ ಗುಡ್ಡದಂಚಿನಿಂದ ಕಡಲಬಂಡೆಗಳ ಮೇಲೆ ಬಿದ್ದು ಸತ್ತು ಇಂದಿಗೆ ನಾಲ್ಕು ದಿನ. ಕಾಲು ಜಾರಿದ ಸಾವು ಎಂದು ಬರೆದು ಸಂಜೆ ಆರರೊಳಗೆ ಕಡತ ಮುಚ್ಚಿ ಕಳಿಸುವುದಾಗಿ ಇನ್‌ಸ್ಪೆಕ್ಟರ್ ಹೇಳಿಬಿಟ್ಟಿದ್ದರು. ಠಾಣೆಯಲ್ಲಿ ಅದನ್ನು ನಂಬದೆ ಉಳಿದವಳು ಹುಲಿಗೆಮ್ಮ ಒಬ್ಬಳೇ. ಇದೇ ಗುಡ್ಡದ ಮೇಲೆ, ಬಂದರಿನ ಕೂಲಿಯವನ ಮಗಳಾಗಿ ಹುಟ್ಟಿದವಳು ಅವಳು. ಮಾಂತೇಶನಂತೆ ಇಲ್ಲಿ ಬೆಳೆದವರು ಆ ಅಂಚಿನಲ್ಲಿ ಎಲ್ಲಿ ಕಾಲಿಡಬೇಕು ಎಂಬುದನ್ನು ನಡೆಯಲು ಕಲಿಯುವಾಗಲೇ ಕಲಿತಿರುತ್ತಾರೆ.

ಮಾಂತೇಶ ದಾಬೋಲಿಮ್‌ನಲ್ಲಿ ಏಳುತ್ತಿದ್ದ ಒಂದು ಕಟ್ಟಡದಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ. ನಾಲ್ಕು ವರ್ಷದ ಹಿಂದೆ ವಾಸ್ಕೋದ ಗುಜರಿಯಲ್ಲಿ ಅವನಿಗೂ ಅವನ ಗೆಳೆಯ ಜಾವೇದನಿಗೂ ಒಂದೇ ಜಾತಿಯ ಎರಡು ಹಳೆಯ ಕಂಪ್ಯೂಟರುಗಳು ಸಿಕ್ಕಿದ್ದವು. ನಲವತ್ತು ವರ್ಷ ಹಿಂದಿನವು, ಟೀವಿಗೆ ತಗಲಿಸುವಂಥವು. ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ಆಟ ಏರಿಸಬೇಕು. ಏರುವ ಐದು ನಿಮಿಷವೂ ಕಿವಿ ಸೀಳುವ ಕಿರುಚಾಟ. ಈಗಿನ ಫೋನಿನ ಒಂದೇ ಒಂದು ಫೋಟೋ ಕೂಡ ಹಿಡಿಸದಷ್ಟು ನೆನಪಿನ ಆ ಯಂತ್ರದೊಳಗೆ ಮಾಂತೇಶ ಮೂರು ವರ್ಷ ಕೂತು ಒಂದು ಆಟ ಕಟ್ಟಿದ್ದ.

ಆಟದ ಹೆಸರು 'ಹಮಾಲ'. ಮೂವತ್ತು ವರ್ಷ ಬಂದರಿನಲ್ಲಿ ಚೀಲ ಹೊತ್ತ ಅಪ್ಪನನ್ನೇ ಅವನು ಅದರಲ್ಲಿ ನಿಲ್ಲಿಸಿದ್ದ. ಒಟ್ಟು ಇಪ್ಪತ್ತನಾಲ್ಕು ಕೋಣೆಗಳು. ಹೊತ್ತ ಚೀಲ ಇಳಿಸಿದಲ್ಲಿ ಒಂದು ಮೆಟ್ಟಿಲಾಗುತ್ತದೆ. ಮೆಟ್ಟಿಲು ಸರಿಯಾದ ಜಾಗದಲ್ಲಿ ಬಿದ್ದರೆ ಬಾಗಿಲು ಮುಟ್ಟಬಹುದು. ಎರಡು ಚೀಲದೆತ್ತರಕ್ಕಿಂತ ಮೇಲಿಂದ ಬಿದ್ದರೆ ಸಾವು.

"ಇಪ್ಪತ್ತೆರಡನೇ ಕೋಣಿಗೆ ಹೋಗಾಕ ಎಷ್ಟು ಹೊತ್ತು ಬೇಕು?" ಹುಲಿಗೆಮ್ಮ ಕೇಳಿದಳು.

"ಮಾಡಿದಾವ್ರಿಗೇ ಒಂದೂವರಿ ತಾಸು ಬೇಕಾಗ್ತಿತ್ರಿ. ಬ್ಯಾರೇದವರು ಅಲ್ಲೀ ತನಾ ಹೋಗಿದ್ದು ನಾ ನೋಡೇ ಇಲ್ಲ."

ಕಡತ ನಿಂತಿದ್ದು ಈ ಒಂದೂವರೆ ತಾಸಿನ ಮೇಲೆ. ಶನಿವಾರ ಜಾವೇದನ ಅಂಗಡಿಯ ಮುಂದೆ ಮಾಂತೇಶ ಅವನ ಕೊರಳಪಟ್ಟಿ ಹಿಡಿದಿದ್ದ. ಹಳೆಯ ಯಂತ್ರಗಳಿಗೆ ಹೊಸ ಆಟ ಮಾಡುವವರಿಗಾಗಿ ಪರದೇಶದಲ್ಲಿ ನಡೆಯುವ ಸ್ಪರ್ಧೆಗೆ ಜಾವೇದ 'ಹಮಾಲ'ವನ್ನು ತನ್ನೊಬ್ಬನ ಹೆಸರಿನಲ್ಲಿ ಕಳಿಸಿದ್ದ. ಮತ್ತೊಮ್ಮೆ ಬಂದರೆ ಮುಗಿಸಿಬಿಡುತ್ತೇನೆಂದು ಜಾವೇದ ಹತ್ತು ಜನರೆದುರು ಕೂಗಿದ್ದ. ಮರುದಿನ ಮಾಂತೇಶ ಹೆಣವಾಗಿದ್ದ.

ಆದರೆ ಜಾವೇದನ ಫೋನಿನಲ್ಲಿ ಒಂದು ಫೋಟೋ ಇತ್ತು. ಭಾನುವಾರ ಸಂಜೆ ಆರು ಗಂಟೆ ಎರಡು ನಿಮಿಷದ್ದು: ಅವನ ಅಂಗಡಿಯ ಟೀವಿ, ಅದರಲ್ಲಿ ಇಪ್ಪತ್ತೆರಡನೇ ಕೋಣೆ. ನಾಲ್ಕು ಗಂಟೆಗೆ ಅದೇ ಟೀವಿಯಲ್ಲಿ ಮೊದಲನೇ ಕೋಣೆ ಇದ್ದುದನ್ನು ಚಹಾ ಕೊಡಲು ಬಂದ ಪಕ್ಕದ ಮನೆಯ ಹೆಂಗಸು ನೋಡಿದ್ದಳು. ಅಷ್ಟು ಹೊತ್ತು ಅವನು ಗುಂಡಿ ಒತ್ತುತ್ತ ಕೂತಿದ್ದ, ಸಡಾಕ್ಕೆ ಬಂದಿರಲು ಸಾಧ್ಯವಿಲ್ಲ ಎಂದು ಇನ್‌ಸ್ಪೆಕ್ಟರ್ ಅವನನ್ನು ಬಿಟ್ಟು ಕಳಿಸಿದ್ದರು.

ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಭೀಮಶಿ ಕೆಮ್ಮಿದ. ಅಶ್ವಿನಿಯ ತಮ್ಮ ಅವನು, ಮಾಂತೇಶ ದುಡಿಯುತ್ತಿದ್ದ ಕಟ್ಟಡದಲ್ಲೇ ಆಳುಗಳ ಮೇಲಿನ ಮುಕಾದಮ. ಸಾವಿನ ಮರುದಿನದಿಂದ ಅಕ್ಕನ ಮನೆಯಲ್ಲೇ ಉಳಿದು ಅಡುಗೆ, ನೀರು, ಬಂದುಹೋಗುವವರು, ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ.

"ಚಾ ಮಾಡ್ಲೇನ್ರಿ ಬಾಯಾರ?"

"ಬ್ಯಾಡ. ನೀ ನೋಡಿದ್ದು ಮತ್ತೊಮ್ಮೆ ಹೇಳು ಭೀಮಶಿ."

ಅವನು ಮೂರು ಸಲ ಹೇಳಿದ್ದನ್ನೇ ನಾಲ್ಕನೇ ಸಲ ಹೇಳಿದ. "ಭಾನುವಾರ ಪೌಣೆ ಐದಕ್ಕ ನಾ ನೀರಿನ ಟಾಕಿ ಕಡೆ ನಿಂತಿದ್ದೆ. ಭಾವಾ ಒಬ್ಬನ ಅಂಚಿನ ಕಡೆ ಹೊಂಟಿದ್ದ. ಕೂಗಿದೆ, ಹೊಳ್ಳಿ ನೋಡ್ಲಿಲ್ಲ. ಏಳು ಗಂಟೆಕ್ಕ ಮೀನಿನವರು ಹೆಣ ಸಿಕ್ಕೈತಿ ಅಂತ ಒದರಿದಾಗನ ನನಗ ಗೊತ್ತಾಗಿದ್ದು."

ನಾಲ್ಕೂಮುಕ್ಕಾಲಕ್ಕೆ ಅಂಚಿನ ಕಡೆ ಹೊರಟವನು ಐದರ ಸುಮಾರಿಗೆ ಬಿದ್ದಿರಬೇಕೆಂದು ಠಾಣೆ ಬರೆದುಕೊಂಡಿತ್ತು. ಅಶ್ವಿನಿ ತಲೆ ತಗ್ಗಿಸಿದಳು. ಭಾನುವಾರ ಅವಳು ಹೋಟೆಲಿನ ಲಾಂಡ್ರಿಯಲ್ಲಿ ಪಾಳಿಯ ಮೇಲಿದ್ದಳು. ಮನೆಗೆ ಬೀಗ ಹಾಕಿತ್ತು.

ಹುಲಿಗೆಮ್ಮ ಮಾಂತೇಶನ ಚೌಕಳಿ ಹಾಳೆಯ ಪುಸ್ತಕ ಎಳೆದುಕೊಂಡಳು. ಒಂದೊಂದು ಪುಟಕ್ಕೆ ಒಂದೊಂದು ಕೋಣೆ, ಪೆನ್ಸಿಲಿನಲ್ಲಿ. ಅಳಿಸಿ ಅಳಿಸಿ ಕಾಗದ ತೆಳುವಾಗಿತ್ತು. ಇಪ್ಪತ್ತೆರಡರಲ್ಲಿ ನೀಲಿ ಹಡಗು, ಅದರ ಮೇಲೆ ದೊಡ್ಡ ಕೊಕ್ಕೆ. ಇಪ್ಪತ್ತನಾಲ್ಕರಲ್ಲಿ ಒಂದು ಮನೆ, ಬಾಗಿಲಲ್ಲಿ ಒಬ್ಬಳು ಹೆಂಗಸು.

ಪುಸ್ತಕದ ಹಿಂಬದಿಯ ರಟ್ಟಿನ ಒಳಮೈಯಲ್ಲಿ ಸಣ್ಣಕ್ಷರದ ಒಂದು ಸಾಲಿತ್ತು. 'ಜಿಗಿಯಾಕ: ಎಂ, ಎ, ೭, ಮೂರೂ ಕೂಡೇ.'

ಅವಳು ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದಳು.

ಪರದೆ ಒಮ್ಮೆ ಕಪ್ಪಾಯಿತು. ಹಮಾಲ ಆರನೇ ಕೋಣೆಯಲ್ಲಿ ನಿಂತಿದ್ದ.

ಮತ್ತೆ ಒತ್ತಿದಳು. ಏಳು. ಎಂಟು. ಒತ್ತುತ್ತ ಹೋದಂತೆ ಹಗ್ಗ, ಹೊಂಡ, ಗೋದಾಮು ಒಂದರ ಹಿಂದೊಂದು ಸರಿದವು. ನೀಲಿ ಹಡಗು ಬಂದಾಗ ಗಡಿಯಾರ ನೋಡಿಕೊಂಡಳು. ಒಂದು ನಿಮಿಷವೂ ಆಗಿರಲಿಲ್ಲ.

"ಇದೇನಿದು?"

ಅಶ್ವಿನಿಯ ಕಣ್ಣು ಪರದೆಗೆ ಅಂಟಿತ್ತು. "ತಪ್ಪು ಹುಡಕಾಕ ಇಟ್ಕೊಂಡಿರಬೇಕ್ರಿ. ಇಪ್ಪತ್ತನೇದರಾಗ ಏನರ ಕೆಟ್ರ, ಹರ ಸಲ ಒಂದರಿಂದ ಹತ್ತಿ ಹೋಗಾಕ ಆಗ್ತದೇನ್ರಿ?"

"ಜಾವೇದಗ ಇದು ಗೊತ್ತಿತ್ತು?"

"ಚಿತ್ರ ತಗದಾವ ಅಂವನ. ಇಬ್ರೂ ಕೂಡೇ ಮಾಡಿದ್ದು. ಗೊತ್ತಿಲ್ದ ಏನ್ರಿ?"

ಭೀಮಶಿ ಎದ್ದು ನಿಂತಿದ್ದ. "ಹಂಗಾದ್ರ ಜಾವೇದ ಸುಳ್ಳು ಹೇಳ್ಯಾನ್ರಿ ಬಾಯಾರ. ಇಲ್ಲಿ ಬಂದು ಕೆಲಸಾ ಮುಗಿಸಿ, ಹೊಳ್ಳಿ ಹೋಗಿ ಒಂದ್ ನಿಮಿಷದಾಗ ಫೋಟೋ ಹೊಡದಾನ."

ಹುಲಿಗೆಮ್ಮ ಪುಸ್ತಕವನ್ನು ಚೀಲಕ್ಕೆ ಸೇರಿಸಿ ಬಸ್ಸಿನತ್ತ ಇಳಿದಳು. ಮನಸ್ಸಿನಲ್ಲಿ ಅವಳೂ ಅದನ್ನೇ ಅಂದುಕೊಂಡಿದ್ದಳು.

*

ದಾಬೋಲಿಮ್‌ನಲ್ಲಿ ಜಾವೇದನ ಅಂಗಡಿ ಎಂದರೆ ಒಂದು ಶಟರು, ಒಂದು ಕಿಟಕಿ, ಬಿಚ್ಚಿದ ಟೀವಿ ಮತ್ತು ಮಿಕ್ಸರುಗಳ ಗುಡ್ಡೆ. ಹತ್ತು ನಿಮಿಷಕ್ಕೊಮ್ಮೆ ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು. ಆಗ ಮಾತು ನಿಲ್ಲಿಸಿ ಕಾಯಬೇಕು.

ಅವನು ಗಡ್ಡ ಬಿಟ್ಟಿದ್ದ. ಕಣ್ಣ ಕೆಳಗೆ ಕಪ್ಪು. ಬೆರಳ ತುದಿಗಳಲ್ಲಿ ಬೆಸುಗೆಯ ಕಡ್ಡಿಯಿಂದ ಸುಟ್ಟ ಹಳೆಯ ಕಲೆಗಳು.

ಹುಲಿಗೆಮ್ಮ ಪುಸ್ತಕ ತೆರೆದು ಆ ಸಾಲನ್ನು ಅವನ ಮುಖಕ್ಕೆ ಹಿಡಿದಳು. "ಐದರಿಂದ ಇಪ್ಪತ್ತೆರಡಕ್ಕ ಒಂದ್ ನಿಮಿಷ. ನಾನ ಹೋಗಿ ಬಂದೀನಿ. ಇನ್ನ ಹೇಳು, ಭಾನುವಾರ ಐದು ಗಂಟೆಕ್ಕ ಎಲ್ಲಿದ್ದಿ?"

ಜಾವೇದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಗೆಳೆಯನ ಕೈಬರಹ. ಆಮೇಲೆ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ತೂರಿಸಿದ.

ಐದು ನಿಮಿಷ ಆ ಕಿರುಚಾಟ.

"ಒತ್ರಿ," ಎಂದ.

ಅವಳು ಮೂರು ಗುಂಡಿ ಒತ್ತಿದಳು. ಹಮಾಲ ಮೊದಲನೇ ಕೋಣೆಯಲ್ಲೇ ನಿಂತಿದ್ದ. ಗಟ್ಟಿಯಾಗಿ ಒತ್ತಿದಳು. ಅಲ್ಲೇ ನಿಂತಿದ್ದ.

"ಸ್ಪರ್ಧಾಕ್ಕ ಕಳಸೂ ಪ್ರತಿಯೊಳಗ ಜಿಗಿತ ಇರಬಾರದಂತ ಮಾಂತೇಶನ ಅದನ್ನ ಕಿತ್ತು ಹಾಕಿದ್ದರಿ. ನನ್ನ ಹಂತ್ಯಾಕ ಇರೂದು ಅದೊಂದ ಪ್ರತಿ. ಇದರಾಗ ಇಪ್ಪತ್ತೆರಡು ಮುಟ್ಟಬೇಕಂದ್ರ ಆಡೇ ಮುಟ್ಟಬೇಕು."

ಅಂದರೆ ಫೋಟೋ ಸುಳ್ಳಾಗಿರಲಿಲ್ಲ. ಒಂದೂವರೆ ತಾಸು ಯಾರೋ ಇಲ್ಲಿ ಕೂತು ಆಡಿದ್ದು ನಿಜ. ಹುಲಿಗೆಮ್ಮ ಮುಂಜಾನೆಯಿಂದ ಕಟ್ಟಿದ್ದೆಲ್ಲ ಒಂದೇ ಏಟಿಗೆ ಕೆಳಗೆ ಬಿದ್ದಿತ್ತು.

ಅವಳು ಪುಸ್ತಕ ಮುಚ್ಚಿ ಎದ್ದಳು. ಎದ್ದವಳು ಬಾಗಿಲಲ್ಲಿ ನಿಂತಳು.

"ಆಡಿ ತೋರ್ಸು."

"ಏನ್ರಿ?"

"ಇಪ್ಪತ್ತೆರಡರ ತನಾ ಆಡಿ ತೋರ್ಸು. ನನಗೇನ ಅವಸರ ಇಲ್ಲ."

ಜಾವೇದ ಕುಳಿತ. ಮೊದಲ ನಾಲ್ಕು ಕೋಣೆ ದಾಟಿದ. ಐದನೆಯದರಲ್ಲಿ ಅವನ ಬೆರಳು ತಡವರಿಸಿತು. ಮೊದಲನೇ ಚೀಲವನ್ನು ಏಣಿಯ ಬುಡಕ್ಕೆ ಇಳಿಸಿದ. ಹಮಾಲ ಬಿದ್ದು ಸತ್ತ.

ಹುಲಿಗೆಮ್ಮ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.

ಎರಡನೇ ಸಲಕ್ಕೆ ಐದು ದಾಟಿದ. ಎಂಟರಲ್ಲಿ ಮೂರು ಸಲ ಸತ್ತ. ಹನ್ನೊಂದನೇ ಕೋಣೆಯಲ್ಲಿ ಎರಡೇ ಚೀಲ, ನಡುವೆ ಒಂದು ಹೊಂಡ. ಅಲ್ಲಿ ನಾಲ್ಕು ಸಲ, ಐದು ಸಲ. ಆರನೇ ಸಲ ಅವನು ಕೈ ಎತ್ತಿ ಮುಖ ಮುಚ್ಚಿಕೊಂಡ.

"ಇಪ್ಪತ್ತೆರಡು ಮುಟ್ಟಿದ ಮನಷ್ಯಾಗ ಹನ್ನೊಂದು ದಾಟಾಕ ಬರವಲ್ದು?"

"ನಾ ಚಿತ್ರ ತಗಿಯಾಂವರಿ. ರುಮಾಲು, ಹಡಗು, ಚೀಲಾ, ಅವಷ್ಟ ನನ್ವು. ಒಗಟಾ ಎಲ್ಲಾ ಅಂವಂದ. ಹನ್ನೊಂದರಿಂದ ಮುಂದ ನಾ ಯಾವತ್ತೂ ಹೋಗಿಲ್ಲ."

"ಮತ್ತ ಭಾನುವಾರ ಆಡಿದಾವ್ರು ಯಾರು?"

ವಿಮಾನವೊಂದು ಇಳಿಯಿತು. ಮೇಜಿನ ಮೇಲಿನ ಸ್ಕ್ರೂಗಳು ಬಟ್ಟಲಲ್ಲಿ ಕಟಕಟ ಅಂದವು.

"ಮಾಂತೇಶ," ಎಂದ ಜಾವೇದ, ಸದ್ದು ಮುಗಿದ ಮೇಲೆ.

ಹುಲಿಗೆಮ್ಮ ಅವನನ್ನೇ ನೋಡಿದಳು.

"ಶನಿವಾರ ಜಗಳಾದ ಮ್ಯಾಲ ನನಗ ನಿದ್ದಿ ಬರ್ಲಿಲ್ಲ. ಹೆಸರು ನಂದಷ್ಟ ಹಾಕಿದ್ದು ಖರೇನ ತಪ್ಪು. ಭಾನುವಾರ ಮುಂಜಾನಿ ಕುಂತು ಕಡೀ ಪರದೆಮ್ಯಾಲ ಇಬ್ಬರ ಹೆಸರೂ ಹಾಕಿದೆ. ಮದಲ ಅಂವಂದು, ಕೆಳಗ ನಂದು. ಸ್ಪರ್ಧಾದವರಿಗೂ ತಿದ್ದಿ ಕಳಸಿದೆ. ಅಂವಗ ಫೋನ್ ಮಾಡಿದ್ರ ಎತ್ತವಲ್ಲ. ಆಟಾ ಹಂಗ ಚಾಲೂ ಬಿಟ್ಟು, ನಾಲ್ಕು ಹತ್ತಕ್ಕ ಬೀಗಾ ಹಾಕಿ ಬಸ್ ಹಿಡದು ಸಡಾಕ್ಕ ಹೋದೆ. ಮನಿಗೆ ಬೀಗ ಇತ್ತು. ಕಾಲು ತಾಸು ಕಟ್ಟಿಮ್ಯಾಲ ಕುಂತು ಹೊಳ್ಳಿ ಬಂದೆ."

"ಬಂದಾಗ?"

"ಆರು ಗಂಟೆ. ಬೀಗಾ ತಗದಿತ್ತು. ಒಳಗ ಯಾರೂ ಇರ್ಲಿಲ್ಲ. ಮೀಟರ್ ಡಬ್ಬಿ ಮ್ಯಾಲ ಒಂದು ಕೀಲಿ ಇಡ್ತೀವಿ, ಅದು ಗೊತ್ತಿರೂದು ನಮ್ಮಿಬ್ಬರಿಗಷ್ಟ. ಟೀವಿಯೊಳಗ ಇಪ್ಪತ್ತೆರಡನೇದು ನಿಂತಿತ್ತು. ನೋಡಿದ ಕೂಡ್ಲೇ ತಿಳೀತು, ಅಂವಾ ಬಂದಿದ್ದ. ಕಡೀ ಪರದೆಮ್ಯಾಲ ಯಾರ ಹೆಸರು ಐತಿ ನೋಡಾಕ ಬಂದಿದ್ದ. ಜಿಗಿತ ಇಲ್ಲಲ್ಲ, ಒಂದರಿಂದ ಆಡ್ಕೋತ ಹೋಗ್ಯಾನ." ಅವನು ಎರಡು ಬೆರಳೆತ್ತಿ ತೋರಿಸಿದ. "ಇನ್ನೆರಡ ಕೋಣಿ ಇತ್ರಿ. ಎರಡ ದಾಟಿದ್ರ ತನ್ನ ಹೆಸರು ನೋಡ್ತಿದ್ದ."

"ಫೋಟೋ ಯಾಕ ತಗದಿ?"

"ಖುಷಿಗೆ. ಅಂವಗ ಕಳಸಿದೆ. ನೋಡಿ ಫೋನ್ ಮಾಡ್ತಾನ ಅಂದ್ಕೊಂಡಿದ್ದೆ. ಮರುದಿನ ನಿಮ್ಮ ಮಂದಿ ಬಂದು ಐದು ಗಂಟೆಕ್ಕ ಎಲ್ಲಿದ್ದಿ ಅಂದ್ರು. ಸಡಾದಾಗಿದ್ದೆ ಅಂದ್ರ ನನ್ನ ಗತಿ ಏನ್ರಿ? ಮುಗಿಸ್ತೀನಿ ಅಂತ ಹತ್ತು ಮಂದಿ ಮುಂದ ಒದರಿದಾಂವ ನಾನು."

ಹುಲಿಗೆಮ್ಮ ಬೆರಳಲ್ಲಿ ಲೆಕ್ಕ ಹಾಕಿದಳು. ನಾಲ್ಕು ಹತ್ತರ ಮೇಲೆ ಒಂದೂವರೆ ತಾಸು, ಅಂದರೆ ಪೌಣೆ ಆರು. ಆದರೆ ಪೌಣೆ ಐದಕ್ಕೇ ಮಾಂತೇಶ ಸಡಾದ ಅಂಚಿನ ಕಡೆ ನಡೆಯುತ್ತಿದ್ದ.

"ಜಾವೇದ, ಅಂವಾ ಐದರ ಸುಮಾರಿಗೆ ಸತ್ತಾನ. ಪೌಣೆ ಐದಕ್ಕ ಸಡಾದಾಗ ನೋಡಿದಾವ್ರು ಅದಾರ. ಒಂದು ಸುಳ್ಳು ಮುರೀತು ಅಂತ ಇನ್ನೊಂದು ಕಟ್ಟಾಕತ್ತೀಯೇನು?"

"ಅಲ್ಲಾನ ಆಣಿ, ಇಲ್ರಿ."

"ಆತ ಐದಕ್ಕ ಸತ್ತಿಲ್ಲ ಬಾಯಿ."

ದನಿ ಕಿಟಕಿಯಿಂದ ಬಂದಿತ್ತು. ಹೊರಗೆ ಎರಡು ಲೋಟ ಚಹಾ ಹಿಡಿದು ಧಾಮಿಬಾಯಿ ನಿಂತಿದ್ದಳು. ಪಕ್ಕದ ಖೋಲಿಯವಳು; ವಿಜಯಪುರದ ಕಡೆಯ ತಾಂಡಾದಿಂದ ಬಂದು ಇಪ್ಪತ್ತು ವರ್ಷವಾಗಿತ್ತು, ಮಧ್ಯಾಹ್ನದ ತನಕ ಬೋಗ್ಮಾಳೊ ಕಡಲತೀರದಲ್ಲಿ ಮಣಿಸರ ಮಾರುತ್ತಿದ್ದಳು. ನಾಲ್ಕು ಗಂಟೆಗೆ ಮೊದಲನೇ ಕೋಣೆ ನೋಡಿದ್ದೇನೆಂದು ಪೊಲೀಸರಿಗೆ ಹೇಳಿದ್ದವಳು ಇವಳೇ.

"ಏನಂದಿ?"

"ಮಾಂತೇಶ ಇಲ್ಲೇ ಇದ್ದ. ನಮ್ಮ ನಳಾ ಐದೂವರಿಗೆ ಬಿಡ್ತಾರ. ದೊಡ್ಡ ಕೊಡಾ ಎತ್ತಾಕ ಆಗವಲ್ದಾಗಿತ್ತು, ಕಿಡಕಿಯಾಗ ಕೂಗಿದೆ. ಎದ್ದು ಬಂದು ತಲಿಮ್ಯಾಲ ಇಟ್ಟ. 'ಜಲ್ದಿ ಬಾಯಿ, ನನ್ನ ಹಮಾಲ ಕಾಯಾಕತ್ತಾನ' ಅಂದ. ನಕ್ಕೊಂತ ಒಳಗ ಹ್ವಾದ."

"ಐದೂವರಿ ಅಂತ ಖಾತ್ರಿ ಏನು?"

"ನೀರು ಅದಕ್ಕಿಂತ ಮದಲ ಒಂದ್ ದಿನಾನೂ ಬಂದಿಲ್ಲ. ಎರಡನೇ ಕೊಡಾ ತುಂಬೂದರಾಗ ಒಂದು ಬೈಕ್ ಬಂತು, ಹಾರ್ನ್ ಹೊಡೀತು. ಇಂವಾ ಹೊರಗ ಬಂದು ಹಿಂದ ಕುಂತು ಹ್ವಾದ. ನೀರಿನ ಗಡಿಬಿಡಿಯಾಗ ಬೈಕಿನವನ ಮಾರಿ ನೋಡ್ಲಿಲ್ಲ."

"ಇದನ್ನ ಪೊಲೀಸರಿಗೆ ಯಾಕ ಹೇಳ್ಲಿಲ್ಲ?"

"ನಾಲ್ಕಕ್ಕ ಟೀವಿಯಾಗ ಏನಿತ್ತು ಅಂತ ಕೇಳಿದ್ರು, ಹೇಳಿದೆ. ಅದರ ಮ್ಯಾಲ ಏನೂ ಕೇಳ್ಲಿಲ್ಲ. ಮಾಂತೇಶ ಯಾವಾಗ ಸತ್ತ ಅಂತ ನನಗ ಹೇಳಿದವರ ಯಾರು?"

ಜಾವೇದ ಮೇಜಿಗೆ ಹಣೆ ಹಚ್ಚಿ ಅಳತೊಡಗಿದ.

ಹುಲಿಗೆಮ್ಮನ ಕಿವಿಗೆ ಅದು ದೂರದಿಂದ ಬಂದಂತೆ ಕೇಳಿಸಿತು. ಮಾಂತೇಶ ಐದೂವರೆಗೆ ಇಲ್ಲಿ ನಗುತ್ತ ನಿಂತಿದ್ದರೆ ಪೌಣೆ ಐದಕ್ಕೆ ಸಡಾದ ಅಂಚಿನ ಕಡೆ ಯಾರೂ ನಡೆದಿರಲಿಲ್ಲ. ನೀರಿನ ಟಾಕಿಯ ಬಳಿ ನಿಂತು ಕೂಗಿದವನು ಯಾರನ್ನೂ ಕೂಗಿರಲಿಲ್ಲ. ಸಾವಿನ ವೇಳೆಯನ್ನು ಐದು ಗಂಟೆ ಎಂದು ಇಡೀ ಠಾಣೆಗೆ ನಂಬಿಸಿದ ಬಾಯಿ ಒಂದೇ ಒಂದು.

ಭೀಮಶಿ.

ಆ ಮನೆಯಲ್ಲಿ ಈಗ ಅವನೂ ಅಶ್ವಿನಿಯೂ ಇಬ್ಬರೇ.

ಅವಳು ಫೋನ್ ತೆಗೆದು ಅಶ್ವಿನಿಯ ನಂಬರು ಒತ್ತಿದಳು. ರಿಂಗಾಯಿತು. ಕಡಿಯಿತು. ಮತ್ತೆ ಒತ್ತಿದಳು. ಈ ಸಲ ಎಂಟನೇ ರಿಂಗಿಗೆ ಯಾರೋ ಎತ್ತಿದರು. ಮೊದಲು ಕೇಳಿಸಿದ್ದು ಗಾಳಿ. ಮನೆಯೊಳಗೆ ಅಂಥ ಗಾಳಿ ಬೀಸುವುದಿಲ್ಲ.

"ಹೇಳ್ರಿ ಬಾಯಾರ." ಗಂಡಸಿನ ದನಿ.

"ಅಶ್ವಿನಿ ಎಲ್ಲಿ, ಭೀಮಶಿ?"

"ಇಲ್ಲೇ ಅದಾಳ್ರಿ. ಭಾವಾ ಬಿದ್ದ ಜಾಗಾ ನೋಡಬೇಕಂತ ಹಟಾ ಹಿಡದ್ಲು. ಕರ್ಕೊಂಡ್ ಬಂದೀನಿ."

ಇಲ್ಲಿಂದ ಸಡಾಕ್ಕೆ ಎಷ್ಟು ಜೋರಾಗಿ ಹೋದರೂ ಅರ್ಧ ತಾಸು. ಜಾವೇದನ ಫೋನ್ ಠಾಣೆಯಲ್ಲಿತ್ತು, ಧಾಮಿಬಾಯಿಯ ಬಳಿ ಫೋನೇ ಇರಲಿಲ್ಲ; ಠಾಣೆಯವರನ್ನು ಓಡಿಸಬೇಕಾದರೆ ಈ ಫೋನ್ ಇಡಬೇಕು.

"ಆಕಿ ಕೈಯಾಗ ಕೊಡು."

"ಆಕಿ ಅಂಚಿನ್ಯಾಗ ಕುಂತಾಳ್ರಿ. ಅಳಾಕತ್ತಾಳ. ಈಗ ಮಾತಾಡೂ ಹಂಗಿಲ್ಲ." ಅವನ ದನಿಯಲ್ಲಿ ಆತುರ ಇರಲಿಲ್ಲ. "ನೀವು ಜಾವೇದನ ಹಂತ್ಯಾಕ ಅದೀರಲ್ಲ?"

"ಹೌದು."

"ಏನಂದಾನ್ರಿ?"

ಅವಳು ಜಾವೇದನತ್ತ ನೋಡಿದಳು. ಅವನು ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಹೌದು ಎಂದರೆ ಏನಾಗುತ್ತದೆ, ಇಲ್ಲ ಎಂದರೆ ಏನಾಗುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ. ಫೋನಿನ ಆ ಬದಿಯಲ್ಲಿ, ಗಾಳಿಯ ಹಿಂದೆ, ಅಶ್ವಿನಿ ಏನೋ ಕೇಳಿದ್ದು ಅರ್ಧಂಬರ್ಧ ಕೇಳಿಸಿತು. ಭೀಮಶಿ ಅವಳಿಗೆ ಮೆತ್ತಗೆ ಹೇಳಿದ: "ಒಂಚೂರು ಮುಂದ ಸರಿ ಅಕ್ಕಾ, ಅಲ್ಲಿಂದ ಚಲೋ ಕಾಣ್ತೈತಿ."

ಆಮೇಲೆ ಮತ್ತೆ ಫೋನಿಗೆ ಬಂದ.

"ಹೇಳ್ರಿ ಬಾಯಾರ. ಜಾವೇದ ಒಪ್ಪಿಕೊಂಡ್ನೋ, ಇಲ್ಲೋ?"